ಕೃಪೆಯ ಪಾಠಕ್ಕೊಂದು ಹಾಜರಿ ಪುಸ್ತಕ: ನೋಹನ ಕುರಿತ ಆಡಿಯೋ ಪಾಠಮಾಲೆಯ ವಿಮರ್ಶೆ

ದುಷ್ಟತನ ತುಂಬಿದ ಲೋಕದಲ್ಲಿ ದೇವರಿಗೆ ನಂಬಿಗಸ್ತರಾಗಿ ಬದುಕುವುದು ಹೇಗೆ, ಆತನ ಕೃಪೆಯನ್ನು ಹೊಂದುವುದು ಹೇಗೆ ಎಂಬ ವಿಷಯವಾಗಿ ಮೊಬೈಲ್ ಆ್ಯಪ್ ಒಂದರಲ್ಲಿ ಸಿಗುವ ಎಂಟು ಪಾಠಗಳ ಆಡಿಯೋ ಮಾಲೆಯನ್ನು ಪೂರ್ತಿಯಾಗಿ ಕೇಳಿ, ಅದರೊಂದಿಗೆ ಕೊಟ್ಟಿರುವ ಅಭ್ಯಾಸ ಪುಸ್ತಕವನ್ನೂ ಬರೆದು ಮುಗಿಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಪಾಠಗಳಿಗೆ ಆಧಾರವಾಗಿರುವುದು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಬರುವ ನೋಹನ ಮತ್ತು ಜಲಪ್ರಳಯದ ವೃತ್ತಾಂತ; ಅದಕ್ಕೆ ಪೂರಕವಾಗಿ ಸುವಾರ್ತೆಗಳಿಂದಲೂ ಅಪೊಸ್ತಲರ ಪತ್ರಿಕೆಗಳಿಂದಲೂ ವಾಕ್ಯಗಳನ್ನು ಆರಿಸಿಕೊಂಡಿದ್ದಾರೆ. ಪಾಠಮಾಲೆಯ ಹೆಸರನ್ನಾಗಲಿ ಅದನ್ನು ಹೊರತಂದವರ ಹೆಸರನ್ನಾಗಲಿ ಇಲ್ಲಿ ಎತ್ತುವುದಿಲ್ಲ. ನಾನು ಮೆಚ್ಚಿಕೊಂಡ ಗುಣಗಳೂ ಆಕ್ಷೇಪಿಸುವ ದೋಷಗಳೂ ಈ ಬಗೆಯ ಬಹಳಷ್ಟು ಪಾಠಮಾಲೆಗಳಲ್ಲಿ ಕಂಡುಬರುವಂಥವೇ ಆದುದರಿಂದ, ಬೇರೊಂದನ್ನು ಆರಿಸಿಕೊಳ್ಳುವವರಿಗೂ ಈ ಮಾತುಗಳು ಉಪಯೋಗಕ್ಕೆ ಬರಬಹುದು.

ಮೊದಲು ಮೆಚ್ಚುಗೆ. ಎರಡನೆಯ ಪಾಠವೊಂದೇ ಸಾಕು, ಈ ಮಾಲೆಯನ್ನು ಕೇಳಿದ್ದು ವ್ಯರ್ಥವಾಗಲಿಲ್ಲ ಎನ್ನಲು. ಆದಿಕಾಂಡ 6:8ರಲ್ಲಿ ನೋಹನಿಗೆ ಕರ್ತನ ಕೃಪೆ ದೊರಕಿತೆಂಬ ಮಾತು ಬರುತ್ತದೆ. ಅವನು ನೀತಿವಂತನೂ ತನ್ನ ಕಾಲದವರಲ್ಲಿ ತಪ್ಪಿಲ್ಲದವನೂ ಆಗಿದ್ದು ದೇವರೊಂದಿಗೆ ನಡೆದನೆಂಬ ಮಾತು ಬರುವುದು 6:9ರಲ್ಲಿ. ಆಜ್ಞೆಯಂತೆ ಎಲ್ಲವನ್ನೂ ಮಾಡಿದನೆಂಬುದು 6:22ರಲ್ಲಿ. ಈ ಅನುಕ್ರಮವನ್ನು ಬೋಧಕರು ಅವಸರವಿಲ್ಲದೆ ಕೇಳುಗರ ಮುಂದೆ ಇಡುತ್ತಾರೆ. ಅದಕ್ಕೂ ಹಿಂದಿನ ಮೂರು ವಚನಗಳಲ್ಲಿ ಇರುವುದು ಮನುಷ್ಯರ ಹೃದಯದ ಆಲೋಚನೆಗಳೆಲ್ಲ ಯಾವಾಗಲೂ ಕೆಟ್ಟವೇ ಎಂಬ ತೀರ್ಪು, ಅದನ್ನು ಕಂಡು ದೇವರು ಹೃದಯದಲ್ಲಿ ನೊಂದುಕೊಂಡದ್ದು, ಭೂಮಿಯ ಮೇಲಿಂದ ಎಲ್ಲವನ್ನೂ ಅಳಿಸಿಬಿಡುವೆನೆಂಬ ನಿರ್ಧಾರ. ಆ ನೋವಿಗೂ ನೋಹನಿಗೆ ದೊರೆತ ಕೃಪೆಗೂ ನಡುವೆ ನೋಹನ ಯಾವ ಸತ್ಕಾರ್ಯದ ಪ್ರಸ್ತಾಪವೂ ಇಲ್ಲ. ಅವನೇ ಏಕೆ ಆಯ್ಕೆಯಾದನೆಂಬ ಪ್ರಶ್ನೆಗೆ ವೃತ್ತಾಂತವು ಅಲ್ಲಿ ಉತ್ತರ ಕೊಡುವುದಿಲ್ಲ, ಪಾಠವೂ ತಾನಾಗಿ ಒಂದು ಉತ್ತರವನ್ನು ಹೊಸೆಯಲು ಹೋಗುವುದಿಲ್ಲ.

ಇಷ್ಟನ್ನು ಹೇಳಿ ನಿಲ್ಲಿಸಿದ್ದರೆ ಪಾಠ ಸುಲಭವಾಗುತ್ತಿತ್ತು. ಆದರೆ ಇದಕ್ಕೆ ವಿರುದ್ಧವೆಂಬಂತೆ ಕಾಣುವ 7:1ನ್ನು, ಅಂದರೆ ಈ ಪೀಳಿಗೆಯಲ್ಲಿ ನಿನ್ನನ್ನೇ ನೀತಿವಂತನನ್ನಾಗಿ ಕಂಡಿದ್ದೇನೆ ಎಂದು ದೇವರು ನೋಹನಿಗೆ ಹೇಳುವ ಮಾತನ್ನು, ಬೋಧಕರು ತಾವಾಗಿಯೇ ಎತ್ತಿಕೊಳ್ಳುತ್ತಾರೆ. ನೀತಿವಂತನಾಗಿದ್ದರಿಂದಲೇ ಕೃಪೆ ಸಿಕ್ಕಿತು ಎನ್ನುವವರು ಹಿಡಿಯುವುದು ಇದೇ ವಚನವನ್ನು. ಇದಕ್ಕೆ ಪಾಠವು ಇಬ್ರಿಯರಿಗೆ ಬರೆದ ಪತ್ರಿಕೆಯ 11:7ನ್ನು ಪಕ್ಕದಲ್ಲಿಟ್ಟು, ಅಲ್ಲಿ ನೋಹನು ನಂಬಿಕೆಯಿಂದ ಬರುವ ನೀತಿಗೆ ಬಾಧ್ಯನಾದನೆಂದು ಹೇಳಿರುವುದನ್ನು ತೋರಿಸುತ್ತದೆ. ಬಳಿಕ ಎಫೆಸದವರಿಗೆ ಬರೆದ ಪತ್ರಿಕೆಯ 2:8ರಿಂದ 10ರವರೆಗೆ ಓದಿ, ಕೃಪೆಯಿಂದ ರಕ್ಷಣೆ ಮೊದಲು, ದೇವರು ಸಿದ್ಧಪಡಿಸಿಟ್ಟ ಸತ್ಕಾರ್ಯಗಳು ಆಮೇಲೆ ಎಂಬ ಅದೇ ಅನುಕ್ರಮವನ್ನು ಅಲ್ಲಿಯೂ ಕಾಣಿಸುತ್ತದೆ. ಇಷ್ಟು ಕಷ್ಟದ ವಿಚಾರವನ್ನು ಪದವಿ ಪಡೆದ ಪಂಡಿತರಿಗೂ ಅಕ್ಷರ ಕಲಿಯದ ಹಿರಿಯರಿಗೂ ಒಂದೇ ಧಾಟಿಯಲ್ಲಿ ತಿಳಿಯುವಂತೆ ಹೇಳಿರುವುದು ಸಣ್ಣ ಸಾಧನೆಯಲ್ಲ.

ಅದೇ ಪಾಠದ ಕೊನೆಯಲ್ಲಿ ತೀತನಿಗೆ ಬರೆದ ಪತ್ರಿಕೆಯ 2:11 ಮತ್ತು 12ನ್ನು ಓದಲಾಗುತ್ತದೆ. ಕೃಪೆಯು ರಕ್ಷಿಸಿ ಕೈಬಿಡುವುದಿಲ್ಲ. ಭಕ್ತಿಹೀನತೆಯನ್ನು ತ್ಯಜಿಸಿ ಈಗಿನ ಕಾಲದಲ್ಲಿಯೇ ಜಿತೇಂದ್ರಿಯರಾಗಿ, ನ್ಯಾಯವಂತರಾಗಿ, ಭಕ್ತರಾಗಿ ಬದುಕುವುದನ್ನು ಅದೇ ಕಲಿಸುತ್ತದೆ ಎಂಬುದು ಅಲ್ಲಿನ ತಾತ್ಪರ್ಯ. ಕೃಪೆಯೆಂದರೆ ಪಾಪಕ್ಕೆ ಪರವಾನಗಿ ಎಂದುಕೊಳ್ಳುವವರಿಗೂ, ಕೃಪೆಯ ಮಾತನ್ನು ಹೆಚ್ಚು ಎತ್ತಿದರೆ ಸಭೆಯಲ್ಲಿ ಶಿಸ್ತು ಕೆಟ್ಟೀತೆಂದು ಅಂಜುವವರಿಗೂ ಈ ಭಾಗವನ್ನು ಕೇಳಿಸಬೇಕು.

ಮೂರನೆಯ ಪಾಠದ ವಿಷಯ ಲೋಕದ ದುಷ್ಟತನ, ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಆದಿಕಾಂಡ 6:11 ಮತ್ತು 13ರಲ್ಲಿ ಲೋಕವನ್ನು ತುಂಬಿಕೊಂಡಿತ್ತೆಂದು ಹೆಸರಿಸಿ ಹೇಳಿರುವ ಪಾಪ ಒಂದೇ: ಹಿಂಸೆ, ಅನ್ಯಾಯ, ಬಲವಿದ್ದವನು ಇಲ್ಲದವನನ್ನು ತುಳಿಯುವುದು. ಅದರ ಮಾದರಿಯೂ ಎರಡು ಅಧ್ಯಾಯಗಳ ಹಿಂದೆಯೇ ಇದೆ. ತಮ್ಮನನ್ನು ಕೊಂದ ಕಾಯಿನನ ವಂಶದ ಲೆಮೆಕನು ತನ್ನ ಇಬ್ಬರು ಹೆಂಡಂದಿರನ್ನು ಕರೆದು, ತನಗೆ ಗಾಯ ಮಾಡಿದವನನ್ನು ಕೊಂದುಬಿಟ್ಟೆನೆಂದು ಪದ್ಯ ಕಟ್ಟಿ ಜಂಬ ಕೊಚ್ಚಿಕೊಳ್ಳುತ್ತಾನೆ. ಕಾಯಿನನಿಗಾಗಿ ಏಳರಷ್ಟು ಸೇಡಾದರೆ ತನಗಾಗಿ ಎಪ್ಪತ್ತೇಳರಷ್ಟು ಎನ್ನುತ್ತಾನೆ. ಕೊಂದದ್ದಕ್ಕಿಂತ ಅದನ್ನು ಮನೆಯೊಳಗೆ ಹೆಮ್ಮೆಯಿಂದ ಹಾಡುವ ಸ್ಥಿತಿಗೆ ಮನುಷ್ಯ ಇಳಿದದ್ದು ನನಗೆ ಹೆಚ್ಚು ಭಯಂಕರವಾಗಿ ಕಾಣುತ್ತದೆ. ಪಾಠಮಾಲೆ ಲೆಮೆಕನನ್ನು ಮುಟ್ಟುವುದೇ ಇಲ್ಲ. ಅದರ ಬದಲು ಉಡುಪು, ಸಿನಿಮಾ, ಕುಡಿತ, ಯುವಜನರ ಮೊಬೈಲ್ ಹುಚ್ಚು ಎಂದು ಯಾವ ಪ್ರಸಂಗದಲ್ಲಿಯೂ ಕೇಳಬಹುದಾದ ಪಟ್ಟಿಯೊಂದನ್ನು ಓದುತ್ತದೆ. ಇವುಗಳಲ್ಲಿ ಕೆಲವು ನಿಜವಾಗಿಯೂ ಬಾಳನ್ನು ಕೆಡಿಸುವಂಥವೇ. ಆದರೂ ಕೆಲಸದಾಳಿನ ಕೂಲಿಯನ್ನು ಹಿಡಿದಿಟ್ಟುಕೊಳ್ಳುವುದು, ಮನೆಯಲ್ಲಿ ಕೈಯೆತ್ತುವುದು, ವಿಧವೆಯ ಜಮೀನಿನ ಕಾಗದವನ್ನು ತಿದ್ದುವುದು ಇವೆಲ್ಲ ಪಟ್ಟಿಯಲ್ಲಿ ಒಮ್ಮೆಯೂ ಬಾರದಿರುವಾಗ, ವಾಕ್ಯ ಹೆಸರಿಟ್ಟು ಹೇಳಿದ ಪಾಪವನ್ನು ಬಿಟ್ಟು ನಮಗೆ ಹೇಳಲು ಅನುಕೂಲವಾದ ಪಾಪಗಳನ್ನು ಹಿಡಿದುಕೊಂಡಂತಾಗುತ್ತದೆ.

ಇನ್ನೊಂದು ಕೊರತೆಯೂ ಇದೆ. ನೋಹನ ದಿನಗಳ ಬಗ್ಗೆ ಯೇಸು ಮತ್ತಾಯ 24:38ರಲ್ಲಿ ಆಡಿದ ಮಾತನ್ನು ಪಾಠದಲ್ಲಿ ಓದುತ್ತಾರೆ, ಆದರೆ ವಿವರಿಸದೆ ಮುಂದಕ್ಕೆ ಹೋಗುತ್ತಾರೆ. ಅಲ್ಲಿ ಆತನು ಎಣಿಸುವುದು ಕೊಲೆ ಸುಲಿಗೆಗಳನ್ನಲ್ಲ. ತಿನ್ನುವುದು, ಕುಡಿಯುವುದು, ಮದುವೆ ಮಾಡಿಕೊಳ್ಳುವುದು, ಮಾಡಿಕೊಡುವುದು. ಲೂಕ 17:28ರಲ್ಲಿ, ಸೊದೋಮ್ ಪಟ್ಟಣ ನಾಶವಾದ ಕಾಲದ ಲೋಟನ ದಿನಗಳಿಗೆ ಕೊಳ್ಳುವುದು, ಮಾರುವುದು, ನೆಡುವುದು, ಕಟ್ಟುವುದು ಎಂಬಿವು ಸೇರುತ್ತವೆ. ಇವುಗಳಲ್ಲಿ ಒಂದೂ ಪಾಪವಲ್ಲ. ಪ್ರಳಯ ಬಂದು ಎಲ್ಲರನ್ನೂ ಬಡಿದುಕೊಂಡು ಹೋಗುವ ತನಕ ಅವರಿಗೆ ತಿಳಿಯಲೇ ಇಲ್ಲ ಎಂಬುದು ಆತನ ಆರೋಪ. ಹಿಂಸೆ ತುಂಬಿದ ಲೋಕವು ಒಳಗಿರುವವರ ಕಣ್ಣಿಗೆ ಹಿಂಸೆ ತುಂಬಿದ ಲೋಕವಾಗಿ ಕಾಣುವುದಿಲ್ಲ, ಊಟ, ಮದುವೆ, ವ್ಯಾಪಾರಗಳ ಎಂದಿನ ಲೋಕವಾಗಿಯೇ ಕಾಣುತ್ತದೆ ಎಂಬುದನ್ನು ಈ ಎರಡು ಭಾಗಗಳನ್ನು ಕೂಡಿಸಿ ಓದಿದವರು ಗ್ರಹಿಸಬಲ್ಲರು. ನಂಬಿಗಸ್ತನಾಗಿ ಬದುಕಲು ಮೊದಲು ಬೇಕಾದದ್ದು ಕಣ್ಣು ತೆರೆದಿರುವುದೇ ಎಂದು ಪಾಠವು ಇಲ್ಲಿ ಹೇಳಬಹುದಿತ್ತು. ಅರ್ಧ ಗಂಟೆಯ ಪಾಠದಲ್ಲಿ ಸಿನಿಮಾಕ್ಕೆ ಸಿಕ್ಕಿದಷ್ಟು ಸಮಯ ಇದಕ್ಕೆ ಸಿಗಲಿಲ್ಲ.

ಇದೇ ದೃಷ್ಟಿ ಅಭ್ಯಾಸ ಪುಸ್ತಕದಲ್ಲಿ ಇನ್ನೂ ಢಾಳಾಗಿ ಎದ್ದು ಕಾಣುತ್ತದೆ. ಮೂರನೆಯ ಪಾಠದ ಪುಟದಲ್ಲಿ, ನಿಮ್ಮ ಸುತ್ತಲಿನವರಲ್ಲಿ ಕಾಣುವ ದುಷ್ಟತನಗಳನ್ನು ಬರೆಯಿರಿ ಎಂಬ ಪ್ರಶ್ನೆಯ ಕೆಳಗೆ ಹತ್ತು ಖಾಲಿ ಗೆರೆಗಳಿವೆ. ನಿಮ್ಮಲ್ಲಿ ಕಾಣುವ ದುಷ್ಟತನ ಎಂಬುದರ ಕೆಳಗೆ ಎರಡು. ಪುಟ ಜೋಡಿಸಿದವರು ಇದನ್ನು ಯೋಚಿಸಿ ಮಾಡಿರಲಿಕ್ಕಿಲ್ಲ. ಆದರೆ ಯೋಚಿಸದೆ ಮಾಡಿದ ಕೆಲಸದಲ್ಲಿಯೇ ಮನಸ್ಸಿನ ಒಲವು ಗೊತ್ತಾಗುವುದು. ದೇವಾಲಯಕ್ಕೆ ಪ್ರಾರ್ಥಿಸಲು ಹೋದ ಇಬ್ಬರ ಕುರಿತು ಯೇಸು ಹೇಳಿದ ಸಾಮ್ಯದಲ್ಲಿ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಥದ ಫರಿಸಾಯನು ತುಂಬಿಸಿದ್ದು ಆ ಹತ್ತು ಗೆರೆಗಳನ್ನು. ಸುಂಕದವನಿಗೆ ಎರಡೂ ಬೇಕಾಗಲಿಲ್ಲ, ಪಾಪಿಯಾದ ನನ್ನನ್ನು ಕರುಣಿಸು ಎನ್ನಲು ಒಂದೇ ಸಾಕಾಯಿತು.

ಪುಸ್ತಕದ ಎಲ್ಲ ಪ್ರಶ್ನೆಗಳೂ ಹೀಗಿಲ್ಲವೆಂದು ಹೇಳದಿದ್ದರೆ ಅನ್ಯಾಯವಾದೀತು. ನಾಲ್ಕನೆಯ ಪಾಠದಲ್ಲಿ ಒಂದು ಸಂದರ್ಭ ಕೊಟ್ಟಿದ್ದಾರೆ: ಮೇಲಧಿಕಾರಿಯು ಸುಳ್ಳು ಲೆಕ್ಕಕ್ಕೆ ಸಹಿ ಹಾಕಲು ಹೇಳುತ್ತಾರೆ, ಹಾಕದಿದ್ದರೆ ಕೆಲಸ ಹೋಗುವುದಿಲ್ಲ, ಆದರೆ ಬರಬೇಕಾದ ಬಡ್ತಿ ಇನ್ನೊಬ್ಬರ ಪಾಲಾಗುತ್ತದೆ. ಇಲ್ಲಿ ಕೇಳಿರುವುದು ಏನು ಮಾಡುವಿರಿ ಎಂದಲ್ಲ, ಏಕೆಂದರೆ ಆ ಪ್ರಶ್ನೆಗೆ ಎಲ್ಲರೂ ಸರಿಯುತ್ತರವನ್ನೇ ಬರೆಯುತ್ತಾರೆ. ಸಹಿ ಹಾಕದೆ ಮನೆಗೆ ಬಂದ ಮೇಲೆ ಮನೆಯವರಿಗೆ ಏನೆಂದು ಹೇಳುವಿರಿ, ಬಡ್ತಿ ಪಡೆದ ಸಹೋದ್ಯೋಗಿಯನ್ನು ಮರುದಿನ ಹೇಗೆ ಮಾತನಾಡಿಸುವಿರಿ ಎಂದು ಕೇಳಿದ್ದಾರೆ. ನಂಬಿಗಸ್ತಿಕೆಯ ನಿಜವಾದ ಬೆಲೆ ತಿಳಿಯುವುದು ನಿರ್ಧಾರದ ಗಳಿಗೆಯಲ್ಲಿ ಅಲ್ಲ, ಅದರ ನಂತರದ ಸಾಧಾರಣ ದಿನಗಳಲ್ಲಿ ಎಂಬುದನ್ನು ಬಲ್ಲವರು ಮಾತ್ರ ಇಂಥ ಪ್ರಶ್ನೆಯನ್ನು ರಚಿಸಬಲ್ಲರು.

ಪ್ರಳಯದಿಂದ ಪಾರಾಗಲು ನೋಹನು ನಾವೆಯನ್ನು ಕಟ್ಟುವ ಪಾಠವನ್ನು ನಾಟಕದಂತೆ ಮಾಡಿದ್ದಾರೆ. ಮುನ್ನೂರು ಮೊಳ ಉದ್ದ, ಐವತ್ತು ಮೊಳ ಅಗಲ, ಮೂವತ್ತು ಮೊಳ ಎತ್ತರ ಎಂಬ ಅಳತೆಯನ್ನು ಮೊಳಕ್ಕೆ ಸುಮಾರು 45 ಸೆಂಟಿಮೀಟರಿನಂತೆ ಲೆಕ್ಕ ಹಾಕಿ, ಉದ್ದ ಸುಮಾರು 135 ಮೀಟರು, ಅಗಲ 22.5, ಎತ್ತರ 13.5 ಎಂದು ಮನಸ್ಸಿಗೆ ತಂದುಕೊಡುವ ಭಾಗ ಚೆನ್ನಾಗಿದೆ. ಮೂರು ಅಂತಸ್ತು, ಪಕ್ಕದಲ್ಲಿ ಒಂದೇ ಬಾಗಿಲು, ಒಳಗೂ ಹೊರಗೂ ರಾಳ. ಚುಕ್ಕಾಣಿಯ ಮಾತಿಲ್ಲ, ಹಾಯಿಯ ಮಾತಿಲ್ಲ. ಕಟ್ಟುವುದು ನೋಹನ ಪಾಲು, ನಡೆಸುವುದು ಅವನ ಪಾಲಲ್ಲ ಎಂದು ಬೋಧಕರು ಇದರಿಂದ ತೆಗೆಯುವ ಅರ್ಥವನ್ನು ವಾಕ್ಯ ನೇರವಾಗಿ ಹೇಳದಿದ್ದರೂ, ಅದು ವಾಕ್ಯಕ್ಕೆ ಹೊರಗಿನದೇನಲ್ಲ. ಹಿನ್ನೆಲೆಯಲ್ಲಿ ಸುತ್ತಿಗೆಯ ಸದ್ದು ಮಾತ್ರ ಅತಿಯಾಯಿತು. ಮುಖ್ಯವಾದ ಎರಡು ವಾಕ್ಯಗಳನ್ನು ಅದು ಪೂರ್ತಿ ನುಂಗಿಹಾಕಿದೆ.

ಸುತ್ತಿಗೆಯನ್ನು ಕ್ಷಮಿಸಬಹುದು, ಕಲ್ಪನೆಯನ್ನು ವಾಕ್ಯದೊಂದಿಗೆ ಬೆರೆಸಿದ್ದನ್ನು ಕ್ಷಮಿಸುವುದು ಕಷ್ಟ. ನಾಟಕದಲ್ಲಿ ನೆರೆಹೊರೆಯವರು ಗುಂಪಾಗಿ ಬಂದು ನೋಹನನ್ನು ಗೇಲಿ ಮಾಡುತ್ತಾರೆ, ಅವನು ಅವರಿಗೆ ದೀರ್ಘವಾಗಿ ಉಪದೇಶ ಮಾಡುತ್ತಾನೆ, ನೂರಿಪ್ಪತ್ತು ವರ್ಷ ಹೀಗೆಯೇ ನಡೆಯಿತೆಂದು ನಿರೂಪಕರು ಹೇಳುತ್ತಾರೆ. ಆದಿಕಾಂಡದಲ್ಲಿ ಗೇಲಿ ಮಾಡಿದವರು ಯಾರೂ ಇಲ್ಲ. ಪೇತ್ರನ ಎರಡನೆಯ ಪತ್ರಿಕೆಯ 2:5ರಲ್ಲಿ ನೋಹನನ್ನು ನೀತಿಯನ್ನು ಸಾರಿದವನೆಂದು ಕರೆದಿರುವುದು ನಿಜ. ಆದರೆ ಅವನು ಏನೆಂದು ಸಾರಿದನೆಂಬುದು ಎಲ್ಲಿಯೂ ಇಲ್ಲ. ಇನ್ನು ನೂರಿಪ್ಪತ್ತು ವರ್ಷದ ಲೆಕ್ಕ: ಆ ಸಂಖ್ಯೆ ಬರುವುದು 6:3ರಲ್ಲಿ, ಮನುಷ್ಯನ ದಿನಗಳ ಬಗ್ಗೆ ದೇವರು ಆಡಿದ ಮಾತಿನಲ್ಲಿ, ನಾವೆಯನ್ನು ಕಟ್ಟಲು ಹಿಡಿದ ಕಾಲವೆಂದು ಅಲ್ಲಿ ಹೇಳಿಲ್ಲ. ನೋಹನಿಗೆ ಐನೂರು ವರ್ಷವಾದ ಮೇಲೆ ಮಕ್ಕಳಾದರೆಂದು 5:32, ಪ್ರಳಯ ಬಂದಾಗ ಅವನಿಗೆ ಆರುನೂರು ವರ್ಷವೆಂದು 7:6 ಹೇಳುತ್ತವೆ. ನಾವೆಯ ಆಜ್ಞೆ ಕೊಡುವಾಗ 6:18ರಲ್ಲಿ ದೇವರು ನೋಹನ ಮಕ್ಕಳನ್ನು ಮಾತ್ರವಲ್ಲ, ಸೊಸೆಯರನ್ನೂ ಸೇರಿಸಿಯೇ ಮಾತನಾಡುತ್ತಾನೆ. ವಚನಗಳನ್ನು ಸಹಜವಾಗಿ ಓದಿದರೆ ಕಟ್ಟಿದ ಕಾಲ ನೂರು ವರ್ಷಕ್ಕೂ ಕಡಿಮೆಯೇ ಆಗುತ್ತದೆ. ಇದರಿಂದ ಯಾರ ನಂಬಿಕೆಗೂ ಧಕ್ಕೆಯಿಲ್ಲ. ಆದರೆ ವಾಕ್ಯಕ್ಕೆ ನಂಬಿಗಸ್ತರಾಗಿರಿ ಎಂದು ಬೋಧಿಸುವ ಪಾಠವು ತಾನೇ ವಾಕ್ಯದ ಲೆಕ್ಕವನ್ನು ನೋಡದಿರುವುದು ಸರಿಯಲ್ಲ.

ಈ ನಾಟಕದಿಂದ ಆದ ದೊಡ್ಡ ನಷ್ಟ ಬೇರೆಯೇ ಇದೆ. ಪ್ರಳಯದ ವೃತ್ತಾಂತದ ಉದ್ದಕ್ಕೂ ನೋಹನು ಆಡಿದ ಒಂದೇ ಒಂದು ಮಾತೂ ದಾಖಲಾಗಿಲ್ಲ. ದೇವರು ಹೇಳುತ್ತಾನೆ, ನೋಹನು ಮಾಡುತ್ತಾನೆ. ಮತ್ತೆ ಹೇಳುತ್ತಾನೆ, ಮತ್ತೆ ಮಾಡುತ್ತಾನೆ. ಮಾತು ಬಲ್ಲವರಿಗೆ, ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಬಲ್ಲವರಿಗೆ ಮಾತ್ರ ನಂಬಿಗಸ್ತ ಜೀವಿತ ಎಂದುಕೊಂಡಿರುವ ಎಷ್ಟೋ ಮೌನಿಗಳಿಗೆ, ಬೆಳಗಿನಿಂದ ರಾತ್ರಿಯವರೆಗೆ ಕೆಲಸ ಮಾಡಿಯೇ ದೇವರನ್ನು ಸೇವಿಸುವವರಿಗೆ, ಈ ಮೌನದಿಂದ ಎಂಥ ಆದರಣೆ ಸಿಗಬಹುದಿತ್ತು! ಧ್ವನಿ ಕಲಾವಿದರ ಅಬ್ಬರದ ಸಂಭಾಷಣೆಯಲ್ಲಿ ಅದು ಕೇಳಿಸದೆ ಹೋಯಿತು.

ಐದನೆಯ ಮತ್ತು ಆರನೆಯ ಪಾಠಗಳು ಮತ್ತೆ ಎರಡನೆಯದರ ಎತ್ತರಕ್ಕೆ ಏರುತ್ತವೆ. ನಾವೆಯ ಬಾಗಿಲನ್ನು ಮುಚ್ಚಿದವನು ಕರ್ತನೇ ಎಂಬ 7:16ರ ಮಾತಿನ ಮೇಲೆ ಒಂದು ಪಾಠ, ಒಳಗಿನ ಕಾಯುವಿಕೆಯ ಮೇಲೆ ಇನ್ನೊಂದು. ನಾವೆಯನ್ನು ಹತ್ತುವ ಮೊದಲು ದೇವರು ನೋಹನೊಂದಿಗೆ ಮಾತನಾಡಿದ್ದಾನೆ. ಮುಂದೆ ಆತನ ಮಾತು ಕೇಳಿಬರುವುದು 8:15ರಲ್ಲಿ, ಹೊರಗೆ ಬಾ ಎನ್ನುವಾಗ. ನಡುವೆ ನಲವತ್ತು ದಿನಗಳ ಮಳೆ, ನೂರೈವತ್ತು ದಿನಗಳ ಪ್ರವಾಹ, ಇಳಿಯುತ್ತಿರುವ ನೀರು. ದೇವರು ನೋಹನನ್ನು ನೆನಪಿಸಿಕೊಂಡನೆಂದು 8:1 ನಮಗೆ ಹೇಳುತ್ತದೆ, ಆದರೆ ಆ ಹೊತ್ತಿಗೆ ಒಳಗಿದ್ದ ಎಂಟು ಮಂದಿಗೆ ಅದನ್ನು ಯಾರಾದರೂ ತಿಳಿಸಿದರೆಂದು ವೃತ್ತಾಂತದಲ್ಲಿಲ್ಲ. ಪ್ರಾರ್ಥನೆಗೆ ಉತ್ತರ ಬಾರದ ಕಾಲವನ್ನು ದಾಟುತ್ತಿರುವವರಿಗೆ ಬೋಧಕರು ಇಲ್ಲಿ ಪೊಳ್ಳು ಸಮಾಧಾನ ಹೇಳುವುದಿಲ್ಲ. ಕೃಪೆ ಹೊಂದಿದವನಿಗೂ ಮುಚ್ಚಿದ ಬಾಗಿಲು, ಕತ್ತಲೆ, ಪ್ರಾಣಿಗಳ ನಾತ, ಉತ್ತರವಿಲ್ಲದ ದಿನಗಳು ತಪ್ಪಲಿಲ್ಲ ಎಂದಷ್ಟೇ ಹೇಳುತ್ತಾರೆ.

ಈ ಪಾಠದಲ್ಲಿ ತಾರೀಖುಗಳನ್ನು ಓದುವ ಐದಾರು ನಿಮಿಷಗಳು ಇಡೀ ಮಾಲೆಯಲ್ಲಿಯೇ ನನಗೆ ಅತ್ಯಂತ ಪ್ರಿಯವಾದವು. ನೋಹನ ವಯಸ್ಸಿನ ಆರುನೂರ ಒಂದನೆಯ ವರ್ಷದ ಮೊದಲನೆಯ ತಿಂಗಳ ಮೊದಲನೆಯ ದಿನ ನೋಹನು ಮುಚ್ಚಳವನ್ನು ತೆಗೆದು ನೋಡಿದಾಗ ನೆಲದ ಮೇಲಣ ನೀರು ಆರುತ್ತಿತ್ತು. ಎರಡನೆಯ ತಿಂಗಳ ಇಪ್ಪತ್ತೇಳನೆಯ ದಿನ ಭೂಮಿ ಪೂರ್ತಿ ಒಣಗಿತ್ತು, ಹೊರಡುವ ಅಪ್ಪಣೆ ಆಗ ಬಂತು. ಪಾರಿವಾಳವು ಎಣ್ಣೆಮರದ ಎಳೆಯ ಎಲೆಯನ್ನು ತಂದು ತೋರಿಸಿತ್ತು, ಮುಂದಿನ ಸಲ ಹೋದದ್ದು ಹಿಂದಿರುಗಿಯೂ ಇರಲಿಲ್ಲ, ಕಣ್ಣೆದುರಿಗೆ ನೆಲ ಕಾಣುತ್ತಿತ್ತು; ಆದರೂ ಸುಮಾರು ಎಂಟು ವಾರ ಅವನು ಒಳಗೆಯೇ ಇದ್ದನು. ಮಳೆ ಸುರಿಯುವಾಗ ನಾವೆಯೊಳಗೆ ಇರುವುದಕ್ಕೆ ನಂಬಿಕೆ ಬೇಕೆಂದೇನಿಲ್ಲ, ಅಂಜಿಕೆಯೇ ಸಾಕು. ಬಿಸಿಲು ಬಂದ ಮೇಲೂ ಅಪ್ಪಣೆಗಾಗಿ ಕಾಯುವುದಕ್ಕೆ ಬೇಕಾದದ್ದು ಬೇರೆ. ಕಷ್ಟದಲ್ಲಿ ದೇವರನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಷ್ಟ ಕರಗುತ್ತಿದ್ದಂತೆಯೇ ತಮ್ಮ ದಾರಿ ಹಿಡಿಯುವವರು ಈ ಭಾಗವನ್ನು ಎರಡು ಸಲ ಕೇಳಲಿ.

ಏಳನೆಯ ಪಾಠದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೋಕದಿಂದ ಬೇರ್ಪಟ್ಟಿರುವುದರ ಬಗ್ಗೆ ಅದು ಹೇಳುವ ಅರ್ಧ ಮಾತು ಸರಿಯಾಗಿದೆ. ಆದರೆ ನಾವೆಯನ್ನೇ ಸದಾಕಾಲದ ಮಾದರಿಯಾಗಿ ಇಟ್ಟುಕೊಂಡು, ಅವಿಶ್ವಾಸಿ ನೆಂಟರ ಮನೆಯ ಬಾಗಿಲನ್ನೂ ತುಳಿಯಬಾರದೆಂಬ ಮಟ್ಟಕ್ಕೆ ಅದನ್ನು ಎಳೆಯುತ್ತಾರೆ. ಇವರನ್ನು ಲೋಕದೊಳಗಿಂದ ತೆಗೆದುಬಿಡು ಎಂದು ಕೇಳಿಕೊಳ್ಳುವುದಿಲ್ಲ, ಕೆಡುಕನಿಂದ ಕಾಪಾಡು ಎಂದು ಕೇಳುತ್ತೇನೆ ಎಂಬ ಯೇಸುವಿನ ಪ್ರಾರ್ಥನೆ ಯೋಹಾನ 17:15ರಲ್ಲಿದೆ. ದುರ್ನಡತೆಯುಳ್ಳವರ ಸಹವಾಸ ಬೇಡವೆಂದು ತಾನು ಬರೆದದ್ದು ಲೋಕದವರನ್ನು ಕುರಿತು ಅಲ್ಲವೆಂದೂ, ಹಾಗಾದರೆ ನೀವು ಲೋಕವನ್ನೇ ಬಿಟ್ಟು ಹೋಗಬೇಕಾದೀತೆಂದೂ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಬಿಡಿಸಿ ಹೇಳಿದ್ದಾನೆ. ಪಾಠ ರಚಿಸಿದವರಿಗೆ ಇವು ಗೊತ್ತಿರದ ಭಾಗಗಳಲ್ಲ. ಮಕ್ಕಳ ರಕ್ಷಣೆಯ ವಿಷಯದಲ್ಲಿಯೂ ಇಂಥದೇ ಅವಸರ ಕಾಣುತ್ತದೆ: ನೋಹನ ನಿಮಿತ್ತ ಕುಟುಂಬವೆಲ್ಲ ಉಳಿಯಿತಾದ್ದರಿಂದ ತಂದೆತಾಯಿಗಳ ನಂಬಿಕೆಯಿದ್ದರೆ ಮಕ್ಕಳ ಚಿಂತೆ ಬೇಡವೆನ್ನುತ್ತಾರೆ. ನೋಹ, ದಾನಿಯೇಲ, ಯೋಬ ಈ ಮೂವರೇ ಇದ್ದರೂ ತಮ್ಮ ನೀತಿಯಿಂದ ತಮ್ಮ ಪ್ರಾಣಗಳನ್ನು ಮಾತ್ರ ಉಳಿಸಿಕೊಂಡಾರು, ಮಗನನ್ನಾಗಲಿ ಮಗಳನ್ನಾಗಲಿ ಉಳಿಸಲಾರರು ಎಂಬ ಯೆಹೆಜ್ಕೇಲ 14:20ನ್ನು ಇದರ ಪಕ್ಕದಲ್ಲಿ ಓದದೆ ಇಂಥ ಭರವಸೆ ಕೊಡಬಾರದು.

ಈಗ ಆ್ಯಪ್‌ನ ಮಾತು, ಶೀರ್ಷಿಕೆಯಲ್ಲಿ ಹೇಳಿದ ಹಾಜರಿ ಪುಸ್ತಕದ ಮಾತು. ದಿನಕ್ಕೊಂದು ಭಾಗ ಕೇಳಿದರೆ ತೆರೆಯ ಮೇಲೆ ಒಂದು ದೀಪ ಹತ್ತುತ್ತದೆ. ದಿನ ತಪ್ಪದೆ ಕೇಳಿದರೆ ದೀಪಗಳ ಸಾಲು ಬೆಳೆಯುತ್ತದೆ. ಒಂದು ದಿನ ತಪ್ಪಿದರೆ ಸಾಲೆಲ್ಲ ಆರಿ, ಎಣಿಕೆ ಸೊನ್ನೆಗೆ ಬಂದು, ದೇವರೊಂದಿಗಿನ ನಿಮ್ಮ ನಡಿಗೆ ನಿಂತುಹೋಗಿದೆ ಎಂಬ ಸಂದೇಶ ಬರುತ್ತದೆ. ಗುಂಪಾಗಿ ಸೇರಿ ಕೇಳುವವರಿಗೆ ಯಾರ ಸಾಲು ಎಷ್ಟು ಉದ್ದವೆಂಬ ಪಟ್ಟಿಯೂ ಉಂಟು. ಆಟದ ಆ್ಯಪ್‌ಗಳಲ್ಲಿ, ಭಾಷೆ ಕಲಿಸುವ ಆ್ಯಪ್‌ಗಳಲ್ಲಿ ಇಂಥ ಏರ್ಪಾಡು ನೋಡಿ ನೋಡಿ ಅಭ್ಯಾಸವಾಗಿದೆ, ಬಳಕೆದಾರರು ಬಿಟ್ಟು ಹೋಗದಂತೆ ಕಟ್ಟಿಹಾಕಲು ಅದು ಕೆಲಸಕ್ಕೂ ಬರುತ್ತದೆ. ಆದರೆ ಎರಡನೆಯ ಪಾಠದಲ್ಲಿ ಕೃಪೆಯನ್ನು ಸಂಪಾದಿಸಲಾಗದೆಂದು ಅಷ್ಟು ಚೆನ್ನಾಗಿ ಹೇಳಿ ಮುಗಿಸಿದ ಕ್ಷಣದಲ್ಲಿಯೇ ತೆರೆಯ ಮೇಲೆ ದೀಪ ಹತ್ತಿ, ಇಂದಿನ ಅಂಕ ನಿಮಗೆ ಸೇರಿದೆ ಎಂದು ಕಾಣಿಸಿಕೊಳ್ಳುವುದನ್ನು ನೋಡಿದಾಗ, ಬಾಯಿ ಹೇಳಿದ್ದನ್ನು ಕೈ ಅಳಿಸಿಹಾಕಿದಂತೆ ಅನಿಸುತ್ತದೆ.

ಇದು ಬರೀ ತಾತ್ವಿಕ ತಕರಾರು ಎಂದು ಯಾರೂ ತಳ್ಳಿಹಾಕಬಾರದು. ಹಾಸಿಗೆ ಹಿಡಿದ ಅತ್ತೆಯನ್ನು ರಾತ್ರಿಯಿಡೀ ನೋಡಿಕೊಂಡು ಕಣ್ಣು ಮುಚ್ಚಿದ ಸೊಸೆಗೆ, ರಾತ್ರಿ ಪಾಳಿ ಮುಗಿಸಿ ಬಂದು ಕುಸಿದು ಬಿದ್ದವನಿಗೆ, ಖಿನ್ನತೆಯಿಂದ ಹಾಸಿಗೆ ಬಿಟ್ಟೇಳಲಾಗದವರಿಗೆ ಬೆಳಗ್ಗೆ ಮೊಬೈಲ್ ತೆರೆದೊಡನೆ ನಡಿಗೆ ನಿಂತುಹೋಗಿದೆ ಎಂಬ ಸಂದೇಶ ಕಂಡರೆ ಅದು ಕೆಲವರಲ್ಲಿ ಎಂಥ ಗಾಯವನ್ನು ಮಾಡಬಹುದೆಂದು ಯೋಚಿಸಬೇಕು. ಕರುಣೆಗಳು ದಿನದಿನವೂ ಬೆಳಗ್ಗೆ ಹೊಸದಾಗುತ್ತವೆಂದು ಪ್ರಲಾಪಗಳ 3ನೆಯ ಅಧ್ಯಾಯ ಹೇಳುವಾಗ, ಈ ಆ್ಯಪ್‌ನಲ್ಲಿ ಬೆಳಗ್ಗೆ ಹೊಸದಾಗುವುದು ಸೊನ್ನೆ. ಇನ್ನು ಸಾಲು ತಪ್ಪದೆ ಉಳಿಸಿಕೊಂಡವರ ಸ್ಥಿತಿ ಇದಕ್ಕಿಂತ ಅಪಾಯದ್ದು. ವಾರಕ್ಕೆರಡು ಸಾರಿ ಉಪವಾಸ, ಸಂಪಾದನೆಯಲ್ಲೆಲ್ಲ ಹತ್ತರಲ್ಲೊಂದು ಪಾಲು ಎಂದು ಎಣಿಸಿಕೊಂಡ ಆ ಫರಿಸಾಯನಿಗೆ ಎಣಿಕೆಯಲ್ಲಿ ತಪ್ಪಿರಲಿಲ್ಲ. ಅವನು ಮನೆಗೆ ಹೋದದ್ದು ನೀತಿವಂತನೆಂಬ ನಿರ್ಣಯ ಹೊಂದದೆಯೇ.

ನಿಯಮ ಬೇಡವೆಂದು ನಾನು ವಾದಿಸುತ್ತಿಲ್ಲ. ದಾನಿಯೇಲನು ಪ್ರಾಣಕ್ಕೆ ಕುತ್ತು ಬಂದಾಗಲೂ ದಿನಕ್ಕೆ ಮೂರಾವರ್ತಿ ಮೊಣಕಾಲೂರಿ ಪ್ರಾರ್ಥಿಸುವ ಪದ್ಧತಿಯನ್ನು ಬಿಡಲಿಲ್ಲ, ಅಂಥ ಪದ್ಧತಿಯಿಲ್ಲದೆ ದುಷ್ಟ ಲೋಕದಲ್ಲಿ ಯಾರೂ ಬಹುಕಾಲ ನಿಲ್ಲಲಾರರು. ಜ್ಞಾಪಿಸುವ ಗಂಟೆಯೊಂದು ಇರಲಿ, ಎಲ್ಲಿಗೆ ನಿಲ್ಲಿಸಿದ್ದೆವೆಂಬ ಗುರುತು ಇರಲಿ. ನಾವು ಬಾರದ ದಿನಕ್ಕೆ ದಂಡ, ಬಂದ ದಿನಕ್ಕೆ ಪದಕ, ನೆರೆಯವರೊಂದಿಗೆ ಹೋಲಿಕೆ ಇವು ಬೇಡ. ಗುಪ್ತದಲ್ಲಿ ನೋಡುವ ತಂದೆಗೆ ಪ್ರಾರ್ಥಿಸಿರಿ ಎಂದ ಯೇಸುವಿನ ಶಿಷ್ಯರಿಗೆ ಪ್ರಾರ್ಥನೆಯ ಅಂಕಪಟ್ಟಿಯ ಅಗತ್ಯವೇನೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಪ್ರೇರಣೆಗಳು ಎಂಬ ಹೆಸರಿನಡಿ ಇದನ್ನು ಆಫ್ ಮಾಡಿಬಿಡುವ ಅವಕಾಶವಿದೆ. ಪಾಠ ಆರಂಭಿಸುವ ಮೊದಲೇ ಅದನ್ನು ಆಫ್ ಮಾಡಿಕೊಂಡರೆ ಅನುಭವ ಬಹುಮಟ್ಟಿಗೆ ಸುಧಾರಿಸುತ್ತದೆ.

ಎಂಟನೆಯ ಪಾಠ ಮುಗಿಯುವುದು ಮೇಘದಲ್ಲಿ ಕಾಣಿಸಿದ ಮುಗಿಲುಬಿಲ್ಲಿನೊಂದಿಗೆ, 9:17ರಲ್ಲಿ. ಕೇಳಲು ಇಂಪಾದ ಸಂಗೀತ, ಒಡಂಬಡಿಕೆಯ ಬಗ್ಗೆ ಒಳ್ಳೆಯ ಮಾತುಗಳು, ಮುಕ್ತಾಯದ ಪ್ರಾರ್ಥನೆ. ಆದರೆ ನೋಹನ ಕಥೆ ಅಲ್ಲಿಗೆ ಮುಗಿಯಲಿಲ್ಲ. ದ್ರಾಕ್ಷಾತೋಟ ಮಾಡಿ, ದ್ರಾಕ್ಷಾರಸ ಕುಡಿದು, ಅಮಲೇರಿ ಗುಡಾರದಲ್ಲಿ ಬೆತ್ತಲೆಯಾಗಿ ಬಿದ್ದ ನೋಹನು ಮುಂದಿನ ವಚನಗಳಲ್ಲಿದ್ದಾನೆ. ಪ್ರಳಯದುದ್ದಕ್ಕೂ ಮೌನಿಯಾಗಿದ್ದವನ ಮೊದಲ ಮಾತು ದಾಖಲಾಗುವುದು ಆಗ, 9:25ರಲ್ಲಿ. ಅದು ಒಂದು ಶಾಪ. ಎಂಟು ಪಾಠಗಳ ಮಾಲೆಯಲ್ಲಿ ಈ ಭಾಗದ ಉಲ್ಲೇಖವೂ ಇಲ್ಲ. ಇನ್ನೂ ಆಶ್ಚರ್ಯವೆಂದರೆ 8:21ನ್ನು ಅರ್ಧಕ್ಕೆ ಕತ್ತರಿಸಿ ಓದಿದ್ದಾರೆ. ಇನ್ನು ಮೇಲೆ ಭೂಮಿಯನ್ನು ಶಪಿಸುವುದಿಲ್ಲವೆಂಬ ವಾಗ್ದಾನ ಇದೆ. ಮನುಷ್ಯರ ಮನಸ್ಸಂಕಲ್ಪವು ಚಿಕ್ಕಂದಿನಿಂದಲೇ ಕೆಟ್ಟದ್ದು ಎಂಬ ಅದರ ನಡುವಣ ಮಾತು ಬಿಟ್ಟುಹೋಗಿದೆ. ಪ್ರಳಯದ ಮುಂಚೆ 6:5ರಲ್ಲಿ ಕೊಟ್ಟ ತೀರ್ಪನ್ನೇ ದೇವರು ಪ್ರಳಯದ ಬಳಿಕವೂ ಕೊಡುತ್ತಾನೆ. ಅಷ್ಟೊಂದು ನೀರು ಭೂಮಿಯನ್ನು ತೊಳೆಯಿತು, ಹೃದಯವನ್ನು ತೊಳೆಯಲಿಲ್ಲ. ದುಷ್ಟತನವೂ ಆ ಎಂಟು ಮಂದಿಯ ಜೊತೆಗೆ ನಾವೆಯಲ್ಲಿಯೇ ಪಾರಾಗಿ ಬಂದಿತ್ತು.

ಈ ಪಾಠಮಾಲೆಯ ಉಳಿದೆಲ್ಲ ದೋಷಗಳ ಬೇರು ಇಲ್ಲಿಯೇ ಇದೆ ಎಂದು ನನಗನಿಸುತ್ತದೆ. ಕುಡಿದು ಬಿದ್ದ ನೋಹನನ್ನು ಬಿಟ್ಟರೆ ಒಳಗಿರುವವರೆಲ್ಲ ಒಳ್ಳೆಯವರು, ಹೊರಗಿರುವವರೆಲ್ಲ ಕೆಟ್ಟವರು ಎಂಬ ಚಿತ್ರ ಸಲೀಸಾಗಿ ಮೂಡುತ್ತದೆ. ಆಮೇಲೆ ನೆರೆಯವರ ಪಾಪಕ್ಕೆ ಹತ್ತು ಗೆರೆ ಬರುವುದೂ, ನೆಂಟರ ಬಾಗಿಲು ತುಳಿಯದಿರುವುದೂ, ದೀಪಗಳ ಸಾಲಿನ ಹೆಮ್ಮೆಯೂ ತಾವಾಗಿ ಬರುತ್ತವೆ. ಆ ನೋಹನನ್ನೂ ಸೇರಿಸಿ ಓದಿದಾಗಲೇ 6:8ರ ಕೃಪೆಗೆ ಪೂರ್ಣವಾದ ಅರ್ಥ ದಕ್ಕುವುದು. ಪ್ರಳಯಕ್ಕೆ ಮುಂಚೆ ಎಷ್ಟು ಕೃಪೆ ಬೇಕಾಗಿತ್ತೋ, ಮುಗಿಲುಬಿಲ್ಲನ್ನು ಕಂಡ ಮೇಲೂ ಅವನಿಗೆ ಅಷ್ಟೇ ಬೇಕಾಯಿತು. ದಶಕಗಳ ಕಾಲ ನಂಬಿಗಸ್ತನಾಗಿ ನಡೆದು ಇಳಿವಯಸ್ಸಿನಲ್ಲಿ ಎಡವಿದ ವಿಶ್ವಾಸಿಗೆ, ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡು ಸಭೆಗೆ ಬರುವುದನ್ನೇ ಬಿಟ್ಟವರಿಗೆ, ಎಷ್ಟು ಮುಖ್ಯವಾದ ಪಾಠವಾಗುತ್ತಿತ್ತು ಇದು! ಶೇಮನೂ ಯೆಫೆತನೂ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಮುಖ ತಿರುಗಿಸಿ ಹಿಂದುಹಿಂದಕ್ಕೆ ನಡೆದು ತಂದೆಯ ಮೇಲೆ ಹೊದಿಸಿದ ರೀತಿಯಲ್ಲಿ, ಬಿದ್ದವರೊಂದಿಗೆ ನಂಬಿಗಸ್ತರು ಹೇಗೆ ವರ್ತಿಸಬೇಕೆಂಬ ಪ್ರಶ್ನೆಗೂ ಉತ್ತರವಿದೆ. ತಂದೆಯನ್ನು ಆ ಸ್ಥಿತಿಯಲ್ಲಿ ಕಂಡು ಅವರಿಬ್ಬರಿಗೆ ತಿಳಿಸಿದ ಇನ್ನೊಬ್ಬ ಮಗ ಹಾಮನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಕಂಡದ್ದನ್ನೇ ಹೊರಗೆ ಹೋಗಿ ಹೇಳಿದನು.

ಬಳಕೆಯ ವಿಷಯದಲ್ಲಿ ಒಂದೆರಡು ಮಾತು. ಬೋಧಕರ ಉಚ್ಚಾರಣೆ ಸ್ಪಷ್ಟ, ವೇಗ ಹಿತಮಿತ. ಪಾಠಗಳನ್ನು ಮೊದಲೇ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಕೇಳಬಹುದು. ವಾಕ್ಯಗಳ ಉಲ್ಲೇಖವನ್ನು ಮಾತ್ರ ತೀರ ಅವಸರವಾಗಿ ಹೇಳುವುದರಿಂದ ಬೈಬಲಿನ ಪುಟ ತೆರೆಯುವಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುತ್ತದೆ. ಕಿವಿ ಮಂದವಾದವರಿಗೆ ಓದಿಕೊಳ್ಳಲು ಪಾಠದ ಲಿಖಿತ ರೂಪ ಕೊಟ್ಟಿಲ್ಲ, ಇದು ತಿದ್ದಿಕೊಳ್ಳಲೇಬೇಕಾದ ಲೋಪ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ, ಎರಡು, ಐದು, ಆರನೆಯ ಪಾಠಗಳಿಗೆ ಮಾತ್ರವಾದರೆ ಐದಕ್ಕೆ ಐದು.

ಹೊಸ ವಿಶ್ವಾಸಿಯು ಒಬ್ಬನೇ ಕೂತು ಕೇಳುವುದಕ್ಕಿಂತ, ವಾಕ್ಯದಲ್ಲಿ ಪಳಗಿದ ಹಿರಿಯರೊಬ್ಬರು ಜೊತೆಗಿರುವ ಸಣ್ಣ ಗುಂಪಿನಲ್ಲಿ ಇದನ್ನು ಬಳಸುವುದು ಒಳ್ಳೆಯದು. ಗುಂಪನ್ನು ನಡೆಸುವವರು ಮೂರನೆಯ ಪಾಠಕ್ಕೆ ಮುಂಚೆ ಆದಿಕಾಂಡದ 4ನೆಯ ಅಧ್ಯಾಯವನ್ನು ಓದಿಸಲಿ, ಅಂಕಪಟ್ಟಿಯನ್ನು ಎಲ್ಲರ ಮೊಬೈಲಿನಲ್ಲಿಯೂ ಆಫ್ ಮಾಡಿಸಲಿ, ಎಂಟನೆಯ ಪಾಠದ ಸಂಗೀತ ನಿಂತ ಮೇಲೆ ಯಾರೂ ಎದ್ದು ಹೋಗದಂತೆ ನೋಡಿಕೊಂಡು, 9:18ರಿಂದ ಅಧ್ಯಾಯದ ಕೊನೆಯವರೆಗಿನ ಹನ್ನೆರಡು ವಚನಗಳನ್ನು ತಾವೇ ಗಟ್ಟಿಯಾಗಿ ಓದಲಿ.